ಶಿರಸಿಯ ಈ ರಿಪೇರಿ ಅಂಗಡಿ: ಟೈಪ್-ಸಿ ಕೇಬಲ್ ತಗೊಳ್ಳೋರು ಮೊದ್ಲು ಇಲ್ಲಿಗೆ ಹೋಗಿ

ಶಿರಸಿಯಲ್ಲಿ ಮೊಬೈಲ್ ಅಂಗಡಿಗೇನೂ ಬರ ಇಲ್ಲ. ದೇವಿಕೆರೆ ಕಡೆ ಹೋಗಿ, ಸಿಪಿ ಬಜಾರಿಗೆ ಹೋಗಿ, ಬಾಗಿಲಲ್ಲೇ ಬಣ್ಣಬಣ್ಣದ ಕೇಬಲ್ ನೇತು ಹಾಕಿರ್ತಾರೆ. ಆದ್ರೆ ಕೇಬಲನ್ನ ಗಿರಾಕಿ ಎದುರಿಗೇ ಮೀಟರಿಗೆ ಹಾಕಿ, ಇದು ಎಂತಕ್ಕೆ ಆಗ್ತದೆ ಎಂತಕ್ಕೆ ಆಗೋದಿಲ್ಲ ಅಂತ ಚೀಟಿ ಬರೆದು ಅಂಟಿಸಿ ಕೊಡೋದನ್ನ ನಾನು ನೋಡಿದ್ದು ಈ ಅಂಗಡಿಯಲ್ಲಿ ಮಾತ್ರ. ಐದಕ್ಕೆ ಐದು ಸ್ಟಾರ್ ಕೊಡ್ತಿದ್ದೇನೆ, ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೇನೆ, ಪುರುಸೊತ್ತು ಮಾಡ್ಕೊಂಡು ಓದಿ, ಯಾಕಂದ್ರೆ ಈ ಟೈಪ್-ಸಿ ಗೊಂದಲ ಈಗ ಎಲ್ಲರ ಮನೆಗೂ ಬಂದಿದೆ.

ನಾನು ಊರಲ್ಲೇ ಕೂತು ವರ್ಕ್ ಫ್ರಂ ಹೋಮ್ ಮಾಡೋನು. ಆಫೀಸಿಂದ ಕೊಟ್ಟ ಲ್ಯಾಪ್‌ಟಾಪಿಗೆ ಇರೋದೇ ಟೈಪ್-ಸಿ ಪೋರ್ಟು, ಬೇರೆ ಯಾವ ತೂತೂ ಇಲ್ಲ. ಚಾರ್ಜಿಂಗೂ ಅದ್ರಲ್ಲೇ, ಮಾನಿಟರೂ ಅದ್ರಲ್ಲೇ, ಹಾರ್ಡ್ ಡಿಸ್ಕೂ ಅದ್ರಲ್ಲೇ. ಜೊತೆಗೆ ಬಂದ ಕೇಬಲ್ ಹಾಳಾದ ಮೇಲೆ ಆನ್‌ಲೈನಲ್ಲಿ ಒಂದು ತರಿಸಿದೆ, ಡಬ್ಬದ ಮೇಲೆ ದೊಡ್ಡದಾಗಿ ಫಾಸ್ಟ್ ಚಾರ್ಜಿಂಗ್, ಹೈ ಸ್ಪೀಡ್ ಅಂತೆಲ್ಲ ಪ್ರಿಂಟಾಗಿತ್ತು. ಹಾಕಿದ್ರೆ ಲ್ಯಾಪ್‌ಟಾಪ್ ಸ್ಲೋ ಚಾರ್ಜರ್ ಅಂತ ತೋರ್ಸ್ತದೆ, ಮಾನಿಟರಿಗೆ ಹಾಕಿದ್ರೆ ನೋ ಸಿಗ್ನಲ್. ಕಸ್ಟಮರ್ ಕೇರಿಗೆ ಫೋನ್ ಮಾಡಿದ್ರೆ ಡ್ರೈವರ್ ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿ ಅಂತ ಅದೇ ಮಂತ್ರ. ಕೊನೆಗೆ ಪಕ್ಕದ ಮನೆಯವರು ಈ ಅಂಗಡಿ ಹೇಳಿದ್ರು, ಲ್ಯಾಪ್‌ಟಾಪು ಚಾರ್ಜರು ಕೇಬಲ್ಲು ಎಲ್ಲ ಚೀಲಕ್ಕೆ ತುಂಬ್ಕೊಂಡು ಹೋದೆ.

ಅಂಗಡಿಯವರು ಲ್ಯಾಪ್‌ಟಾಪ್ ಮುಟ್ಟಲೇ ಇಲ್ಲ. "ಮೊದ್ಲು ಕೇಬಲ್ ಕೊಡಿ ನೋಡ್ವಾ" ಅಂದ್ರು. ಅವರ ಮೇಜಿನ ಮೇಲೆ ಅಂಗೈ ಅಗಲದ ಒಂದು ಬೋರ್ಡ್ ಇದೆ, ಎರಡೂ ಬದಿಗೆ ಟೈಪ್-ಸಿ ಸಾಕೆಟ್ಟು, ನಡುವೆ ಸಾಲಾಗಿ ಸಣ್ಣ ಸಣ್ಣ ಎಲ್‌ಇಡಿ, ಒಂದೊಂದು ತಂತಿಗೆ ಒಂದೊಂದು ಲೈಟು. ನನ್ನ ಕೇಬಲ್ ಸಿಕ್ಕಿಸಿದ್ರು, ಪವರ್ ತಂತಿದು ಹತ್ತಿತು, ಗ್ರೌಂಡ್ ಹತ್ತಿತು, ಹಳೇ ಯುಎಸ್‌ಬಿ ಡೇಟಾದ ಎರಡು ಹತ್ತಿತು, ಎರಡೂ ಕಡೆಯವರು ಮಾತಾಡ್ಕೊಳ್ಳೋ ಸಿಸಿ ಅನ್ನೋ ತಂತಿದೊಂದು ಹತ್ತಿತು, ಅಷ್ಟೇ. ಉಳಿದ ಸಾಲು ಪೂರ್ತಿ ಕತ್ತಲೆ. ಆಮೇಲೆ ಅವರದ್ದೇ ಒಂದು ದಪ್ಪ ಕೇಬಲ್ ಹಾಕಿ ತೋರ್ಸಿದ್ರು, ಬೋರ್ಡ್ ಪೂರ್ತಿ ಬೆಳಗಿತು. "ನೋಡಿ ಮಾರಾಯ್ರೆ, ನಿಮ್ಮದ್ರಲ್ಲಿ ಸ್ಪೀಡಿನ ತಂತಿನೇ ಹಾಕಿಲ್ಲ. ಮಾನಿಟರಿಗೆ ಪಿಕ್ಚರ್ ಹೋಗ್ಬೇಕಾದ್ದೇ ಆ ತಂತಿಯಲ್ಲಿ, ಎಲ್ಲಿಂದ ಬರ್ಬೇಕು?" ಅಷ್ಟು ದಿನ ಡ್ರೈವರು, ಸೆಟ್ಟಿಂಗು ಅಂತ ಹುಡುಕಿದ್ದೆಲ್ಲ ಆ ಒಂದು ನಿಮಿಷದಲ್ಲಿ ಬಗೆಹರೀತು.

ಚಾರ್ಜಿಂಗಿನ ಕಥೆ ಇನ್ನೊಂದು. ನಡುವೆ ಒಂದು ಪುಟ್ಟ ಮೀಟರ್ ಹಾಕಿದ್ರು, 20 ವೋಲ್ಟ್ ಬರ್ತಿದೆ, ಆದ್ರೆ ಕರೆಂಟು 3 ಆಂಪಿಯರ್ ಹತ್ರ ಹೋಗಿ ಅಲ್ಲೇ ನಿಂತ್ಕೊಳ್ತದೆ. ಅಂದ್ರೆ ಚಾರ್ಜರ್ 100 ವಾಟಿಂದಾದ್ರೂ ಸಿಗೋದು 60 ವಾಟೇ. ಯಾಕಂದ್ರೆ 3 ಆಂಪಿಯರ್ ದಾಟಬೇಕಾದ್ರೆ ಕೇಬಲ್ಲಿನ ತುದಿಯಲ್ಲಿ ಇ-ಮಾರ್ಕರ್ ಅನ್ನೋ ಚಿಪ್ ಇರ್ಬೇಕು, ಚಾರ್ಜರ್ ಮೊದ್ಲು ಆ ಚಿಪ್ಪನ್ನ ಕೇಳ್ತದೆ, ನೀನು 5 ಆಂಪಿಯರ್ ತಡ್ಕೊಳ್ತೀಯಾ ಅಂತ, ಉತ್ತರ ಬರದಿದ್ರೆ 3ಕ್ಕಿಂತ ಮೇಲೆ ಕೊಡೋದೇ ಇಲ್ಲ. ಇದು ಸುರಕ್ಷತೆಗೆ ಇಟ್ಟಿದ್ದು, ಸಪೂರ ತಂತಿಯಲ್ಲಿ ಹೆಚ್ಚು ಕರೆಂಟು ಹೋದ್ರೆ ಬಿಸಿಯಾಗಿ ಸುಟ್ಟೇ ಹೋಗ್ತದೆ, ಹಾಗಾಗಿ ಆ ನಿಯಮಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ಇರೋದು ಅದು ಕೊಳ್ಳೋನಿಗೆ ಹೊರಗಿಂದ ಕಾಣದ ಹಾಗೆ ಇರೋದಕ್ಕೆ. ಚಿಪ್ ಇರೋದು, ಇಲ್ಲದ್ದು, ಪೂರ್ತಿ ತಂತಿ ಇರೋದು, ಅರ್ಧ ಇರೋದು, ಎಲ್ಲದರ ತುದಿಯೂ ಒಂದೇ ಥರ.

ಈ ಗೊಂದಲ ಎಲ್ಲಿಂದ ಬಂತು ಅಂದ್ರೆ, ಯುಎಸ್‌ಬಿ ಬಂದಿದ್ದು 1996ರಲ್ಲಿ. ಅದಕ್ಕೂ ಮೊದ್ಲು ಪ್ರಿಂಟರಿಗೊಂದು, ಮೌಸಿಗೊಂದು, ಕೀಬೋರ್ಡಿಗೊಂದು ಬೇರೆ ಬೇರೆ ಪೋರ್ಟ್ ಇತ್ತು, ಅಂಥಾ ಕಂಪ್ಯೂಟರ್ ಬಳಸಿದೋರಿಗೆ ನೆನಪಿರಬಹುದು. ಆಗ ತಲೆನೋವು ಇತ್ತು ನಿಜ, ಆದ್ರೆ ಹೆಚ್ಚಿನವು ತಪ್ಪು ಜಾಗಕ್ಕೆ ಹಾಕಿದ್ರೆ ಹೋಗ್ತಿರ್ಲಿಲ್ಲ, ಅಲ್ಲಿಗೇ ಗೊತ್ತಾಗ್ತಿತ್ತು. 2014ರಲ್ಲಿ ಯುಎಸ್‌ಬಿಗೇ ಟೈಪ್-ಸಿ ಅನ್ನೋ ಹೊಸ ಪೋರ್ಟ್ ಬಂತು, 24 ಪಿನ್ನು, ತಲೆಕೆಳಗೆ ಹಾಕಿದ್ರೂ ಆಗ್ತದೆ, ಒಳ್ಳೇದೇ. ಅದೇ ಪೋರ್ಟಲ್ಲಿ ಬ್ಲೂಟೂತ್ ಇಯರ್‌ಫೋನಿಗೆ 5 ವೋಲ್ಟೂ ಹೋಗ್ಬೇಕು, ಪವರ್ ಡೆಲಿವರಿ ಅನ್ನೋ ಚಾರ್ಜಿಂಗ್ ನಿಯಮದ 2021ರ ಹೊಸ ಆವೃತ್ತಿ ಪ್ರಕಾರ 48 ವೋಲ್ಟು 240 ವಾಟೂ ಹೋಗ್ಬೇಕು, ವಿಡಿಯೋನೂ ಹೋಗ್ಬೇಕು, ಹಳೇ ಪೆನ್‌ಡ್ರೈವೂ ನಡೀಬೇಕು ಅಂದಾಗ ಒಳಗಿನ ನಿಯಮ ಬೆಳೆದೇ ಬೆಳೀತದೆ. ಪವರ್ ಡೆಲಿವರಿ ಒಂದರ ದಾಖಲೆಯೇ ಈಗ ಸಾವಿರ ಪುಟ ದಾಟಿದೆ. ಅಷ್ಟೆಲ್ಲ ಇರೋದು ಚಾರ್ಜರೂ ಫೋನೂ ಹೇಗೆ ಮಾತಾಡ್ಕೊಳ್ಬೇಕು ಅಂತ, ಅಂದ್ರೆ ಚಾರ್ಜರ್ ಒಳಗೂ ಈಗ ಒಂದು ಸಾಫ್ಟ್‌ವೇರ್ ಓಡ್ತಾ ಇರ್ತದೆ.

ಹೆಸರಿಡೋದ್ರಲ್ಲಂತೂ ಮಾಡಿದ್ದು ಅನ್ಯಾಯವೇ. 2008ರಲ್ಲಿ ಯುಎಸ್‌ಬಿ 3.0 ಅಂತ ಬಂತು, ಸ್ಪೀಡ್ 5 ಜಿಬಿಪಿಎಸ್, ಅಂದ್ರೆ ಸೆಕೆಂಡಿಗೆ 5 ಗಿಗಾಬಿಟ್. 2013ರಲ್ಲಿ ಅದನ್ನೇ 3.1 ಜೆನ್ 1 ಅಂದ್ರು, 3.2 ಬಂದ ಮೇಲೆ ಅದನ್ನೇ 3.2 ಜೆನ್ 1 ಅಂದ್ರು. ಸ್ಪೀಡ್ ಅದೇ 5, ಹೆಸರು ಮೂರು. ಅದರ ಮೇಲೆ ಜೆನ್ 2, ಜೆನ್ 2x2, ಆಮೇಲೆ 2019ರಲ್ಲಿ ಯುಎಸ್‌ಬಿ4, 2022ರಲ್ಲಿ ಯುಎಸ್‌ಬಿ4 ವರ್ಷನ್ 2. ಅಂಗಡಿಗೆ ಬಂದ ರೈತರಿಗೋ ಟೀಚರಿಗೋ ಇದನ್ನ ಯಾರು ಬಿಡಿಸಿ ಹೇಳ್ಬೇಕು? 2022ರಲ್ಲಿ ಯುಎಸ್‌ಬಿ ಮಾಡೋ ಸಂಸ್ಥೆಯವರೇ ಈ ಹೆಸರೆಲ್ಲ ಬೇಡ, ಕೇಬಲ್ ಮೇಲೆ 40 ಜಿಬಿಪಿಎಸ್, 240 ವಾಟ್ ಅಂತ ಸೀದಾ ಅಂಕೆ ಹಾಕಿ ಅಂದ್ರು. ಸರಿಯಾದ ಮಾತು. ಆದ್ರೆ ಆ ಲೋಗೋ ಸಿಗೋದು ಸರ್ಟಿಫಿಕೇಟ್ ಮಾಡಿಸಿದ ಕೇಬಲ್ಲಿಗೆ ಮಾತ್ರ, ಸರ್ಟಿಫಿಕೇಟ್ ಮಾಡಿಸ್ಲೇಬೇಕು ಅಂತಿಲ್ಲ, ಹಾಗಾಗಿ ಬಾಗಿಲಲ್ಲಿ ನೇತಾಡೋ ಕೇಬಲ್ ಮೇಲೆ ಅದನ್ನ ಕಾಣೋದು ಕಷ್ಟ. ದುಬಾರಿ ಫೋನಲ್ಲೂ ಇದೇ ಪಾಡು. 2023ರ ಐಫೋನ್ 15ಕ್ಕೆ ಟೈಪ್-ಸಿ ಬಂತಲ್ಲ, ಸಾದಾ 15ರ ಪೋರ್ಟ್ ಹಳೇ ಯುಎಸ್‌ಬಿ 2ರ ಸ್ಪೀಡಿಂದು, 480 ಎಂಬಿಪಿಎಸ್, ಅಂದ್ರೆ ಅರ್ಧ ಜಿಬಿಪಿಎಸ್ಸೂ ಇಲ್ಲ, 15 ಪ್ರೋ ಪೋರ್ಟ್ 10 ಜಿಬಿಪಿಎಸ್ ತನಕ ಹೋಗ್ತದೆ, ಆದ್ರೆ ಪ್ರೋ ಡಬ್ಬದಲ್ಲಿ ಬರೋ ಕೇಬಲ್ಲೂ 480ರದ್ದೇ.

ಈಗ ಈ ಅಂಗಡಿಯವರು ಎಂತ ಮಾಡ್ತಾರೆ ಅಂದ್ರೆ, ಹೋಲ್‌ಸೇಲಿಂದ ಹೊಸ ಮಾಲು ಬಂದಾಗ ಪ್ರತಿ ಥರದ್ದರಲ್ಲೂ ಒಂದು ತೆಗೆದು ಆ ಬೋರ್ಡಿಗೆ ಹಾಕಿ ನೋಡಿ, ಕನ್ನಡದಲ್ಲೇ ಚೀಟಿ ಬರೆದು ಸುತ್ತುತ್ತಾರೆ. "60 ವಾಟ್. ಫೋನ್, ಸಣ್ಣ ಲ್ಯಾಪ್‌ಟಾಪ್ ಚಾರ್ಜಿಗೆ ಅಡ್ಡಿಲ್ಲ. ಟಿವಿ, ಮಾನಿಟರಿಗೆ ಬರೂದಿಲ್ಲ." ಇನ್ನೊಂದರ ಮೇಲೆ "100 ವಾಟ್, ಚಿಪ್ ಇದೆ, ಡೇಟಾ ನಿಧಾನ." ಅಷ್ಟು ದೊಡ್ಡ ದೊಡ್ಡ ಕಂಪನಿಗಳು ಸೇರಿ ಮಾಡ್ಬೇಕಾದ ಕೆಲಸವನ್ನ ಇವರು ಒಂದು ಪೆನ್ನು, ಒಂದು ಸೆಲ್ಲೋ ಟೇಪಲ್ಲಿ ಮಾಡ್ತಿದ್ದಾರೆ, ಅದನ್ನ ನೋಡಿ ನಂಗೆ ನಿಜವಾಗ್ಲೂ ಗೌರವ ಬಂತು. ನಾನು ಚಾರ್ಜಿಗೆ ಅಂತ ಒಂದು 100 ವಾಟಿಂದು, ಮಾನಿಟರಿಗೆ ಅಂತ ಒಂದು ಪೂರ್ತಿ ತಂತಿಯದ್ದು ತಗೊಂಡೆ. ಎರಡನೇದು ಸಾವಿರದ ಮೇಲೆ ಆಯ್ತು, ಕಡಿಮೆ ಅಲ್ಲ, ಆದ್ರೆ ಅಲ್ಲೇ ಅವರ ಮಾನಿಟರಿಗೆ ನನ್ನ ಲ್ಯಾಪ್‌ಟಾಪ್ ಹಾಕಿ ಪಿಕ್ಚರ್ ಬರಿಸಿ ತೋರ್ಸಿದ ಮೇಲೇ ದುಡ್ಡು ತಗೊಂಡ್ರು. ಅದಕ್ಕಿಂತ ಕಡಿಮೆದ್ದು ಸಾಕಾಗೋರಿಗೆ ಹೆಚ್ಚಿಂದು ದಾಟಿಸೋದಿಲ್ಲ, ನನ್ನ ಹಿಂದೆ ನಿಂತಿದ್ದ ಅಜ್ಜರಿಗೆ "ನಿಮ್ಮ ಫೋನಿಗೆ ಇದೇ ಸಾಕು, ಅದೆಲ್ಲ ಬೇಡ" ಅಂತ ಕಡಿಮೆ ರೇಟಿಂದೇ ಕೊಟ್ರು.

ಇನ್ನೊಂದು ಸಂಗತಿ ಹೇಳ್ಲೇಬೇಕು, ಟಾರ್ಚಿಂದು. ನಮ್ಮಲ್ಲಿ ಮಳೆಗಾಲದಲ್ಲಿ ತಂತಿ ಮೇಲೆ ಮರ ಬಿದ್ದು ಕರೆಂಟು ಹೋದ್ರೆ ಎಷ್ಟೊತ್ತಿಗೆ ಬರ್ತದೆ ಅಂತ ಹೇಳೋಕಾಗೋದಿಲ್ಲ, ಅಪ್ಪಯ್ಯ ರಾತ್ರಿ ಕೊಟ್ಟಿಗೆಗೆ, ತೋಟದ ಮೋಟಾರ್ ನೋಡೋಕೆ ಅಂತ ಹೋಗ್ತಾ ಇರ್ತಾರೆ, ಟಾರ್ಚು ಬೇಕೇ ಬೇಕು. ಹೊಸ ಟಾರ್ಚಿಗೆ ಟೈಪ್-ಸಿ ಇದೆ, ಆದ್ರೆ ಮನೇಲಿರೋ ಹೊಸ ಚಾರ್ಜರಿಗೆ ಹಾಕಿದ್ರೆ ಒಂಚೂರೂ ಚಾರ್ಜ್ ಆಗೋದಿಲ್ಲ. ಹಾಳಾಗಿದೆ ಅಂತ ಎಸೆಯೋದ್ರಲ್ಲಿದ್ರು. ಅಂಗಡಿಯವರು ನೋಡಿದ್ದೇ, "ಇದು ಹಾಳಾಗಿಲ್ಲ, ಚೌಕ ತೂತಿನ ಹಳೇ ಚಾರ್ಜರ್ ಇರ್ತದಲ್ಲ, ಅದರ ಕೇಬಲ್ಲಿಗೆ ಹಾಕಿ" ಅಂದ್ರು, ಹಾಕಿದ್ರೆ ಕೆಂಪು ಲೈಟ್ ಬಂತು.

ಕಾರಣ ಇಷ್ಟು. ಕೇಬಲ್ಲಿನ ಎರಡೂ ತುದಿಗೆ ಟೈಪ್-ಸಿ ಇರೋ ಚಾರ್ಜರ್ ಸುಮ್ಮನೆ ಕರೆಂಟು ಬಿಡೋದಿಲ್ಲ, ಆಚೆ ಕಡೆ ಯಾರೋ ಇದ್ದಾರೆ ಅಂತ ಗೊತ್ತಾದ್ರೆ ಮಾತ್ರ ಬಿಡ್ತದೆ. ಹಾಗೆ ಗೊತ್ತು ಮಾಡೋಕೆ ಸಾಮಾನಿನೊಳಗೆ ಸಿಸಿ ಪಿನ್ನಿಗೆ 5.1 ಕಿಲೋ ಓಮ್ಸಿನ ಎರಡು ರೆಸಿಸ್ಟರ್ ಇರ್ಬೇಕು. ಟಾರ್ಚ್ ಮಾಡಿದೋರು ಬಿಡಿಗಾಸು ಉಳಿಸೋಕೆ ಅದನ್ನ ಹಾಕಲೇ ಇಲ್ಲ. ಹಳೇ ಚಾರ್ಜರ್ ಇದ್ಯಾವುದನ್ನೂ ಕೇಳದೆ 5 ವೋಲ್ಟ್ ಕೊಡ್ತದೆ, ಹಾಗಾಗಿ ಅದ್ರಲ್ಲಿ ನಡೀತದೆ. ಅಂಗಡಿಯವರು ಟಾರ್ಚ್ ಬಿಚ್ಚಿ, ಭೂತಗನ್ನಡಿ ಕೆಳಗೆ ಇಟ್ಟು, ಅಕ್ಕಿಕಾಳಿಗಿಂತ ಸಣ್ಣ ರೆಸಿಸ್ಟರ್ ಎರಡನ್ನ ಚಿಮಟಿಯಲ್ಲಿ ಹಿಡಿದು ಬೆಸುಗೆ ಹಾಕಿದ್ರು, ಉಸಿರು ಬಿಗಿ ಹಿಡಿದು ಮಾಡೋ ಕೆಲಸ ಅದು. ತಗೊಂಡಿದ್ದು ನೂರು ರೂಪಾಯಿ. ಈಗ ಮನೇಲಿರೋ ಎಲ್ಲ ಚಾರ್ಜರಲ್ಲೂ ಆ ಟಾರ್ಚ್ ಚಾರ್ಜ್ ಆಗ್ತದೆ.

ಸಣ್ಣ ಕಂಪನಿಗಳು ಮಾತ್ರ ಇದ್ರಲ್ಲಿ ಎಡವೋದು ಅಂತ ತಿಳ್ಕೊಬೇಡಿ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಲ್ಲಿ ಇದೇ ಎರಡು ರೆಸಿಸ್ಟರ್ ಬದ್ಲು ಎರಡೂ ಪಿನ್ನಿಗೆ ಸೇರಿಸಿ ಒಂದೇ ಹಾಕಿದ್ರು. ಸಾದಾ ಕೇಬಲ್ಲಲ್ಲಿ ನಡೀತಿತ್ತು, ಚಿಪ್ ಇರೋ ದುಬಾರಿ ಕೇಬಲ್ ಹಾಕಿದ್ರೆ ಚಾರ್ಜರು ಇದನ್ನ ಹೆಡ್‌ಫೋನಿನ ಅಡಾಪ್ಟರ್ ಅಂತ ತಿಳಿದು ಕರೆಂಟೇ ಕೊಡ್ತಿರ್ಲಿಲ್ಲ, ಆಮೇಲೆ ಬೋರ್ಡ್ ಬದಲಾಯಿಸಿ ಸರಿ ಮಾಡಿದ್ರು. ಇನ್ನೂ ಹಿಂದೆ, ಗೂಗಲಲ್ಲಿ ಇಂಜಿನಿಯರ್ ಆಗಿದ್ದ ಬೆನ್ಸನ್ ಲಿಯುಂಗ್ ಅನ್ನೋರು 2015ರಿಂದ ಅಮೆಜಾನಲ್ಲಿ ಮಾರೋ ಕೇಬಲ್ ಒಂದೊಂದೇ ತರಿಸಿ ಪರೀಕ್ಷೆ ಮಾಡಿ ರಿವ್ಯೂ ಬರೀತಿದ್ರು, 2016ರಲ್ಲಿ ತಂತಿ ಅದಲು ಬದಲು ಜೋಡಿಸಿದ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಸುಟ್ಟುಹಾಕ್ತು. ಅಂಥವರಿಗೇ ಹೀಗಾದ್ರೆ ನಮ್ಮ ಆಯಿ ಫೋನ್ ಚಾರ್ಜಿಗೆ ಹಾಕುವಾಗ ಎಂತ ನೋಡಿ ಹಾಕ್ಬೇಕು ಹೇಳಿ.

ಕುಮಟಾದಲ್ಲಿರೋ ಅಕ್ಕನ ಫೋನೂ ಇಲ್ಲಿಗೇ ತಂದಿದ್ದೆ. ಕರಾವಳಿಯ ಉಪ್ಪು ಗಾಳಿಗೆ ಪೋರ್ಟ್ ಒಳಗೆ ಹಸಿರು ಕಟ್ಟಿ ಚಾರ್ಜ್ ಬಿಟ್ಟು ಬಿಟ್ಟು ಆಗ್ತಿತ್ತು. ಬೇರೆ ಕಡೆ ಪೋರ್ಟ್ ಬದಲಾಯಿಸ್ಬೇಕು ಅಂದಿದ್ರು, ಇಲ್ಲಿ ಆಲ್ಕೋಹಾಲ್ ಹಾಕಿ ಮೆತ್ತಗಿನ ಬ್ರಶ್ಶಲ್ಲಿ ಉಜ್ಜಿ ಒಣಗಿಸಿ ಕೊಟ್ರು, ಈಗ ಸರಿ ಇದೆ. ಒದ್ದೆ ಕೈಯಲ್ಲಿ, ಒದ್ದೆ ಪೋರ್ಟಲ್ಲಿ ಚಾರ್ಜಿಗೆ ಹಾಕ್ಬೇಡಿ, ಕರೆಂಟು ಇದ್ದಾಗ ತೇವ ತಾಗಿದ್ರೆ ಪಿನ್ ಬೇಗ ತಿಂದುಹೋಗ್ತದೆ ಅಂದ್ರು. ಕಾರವಾರ, ಅಂಕೋಲಾ, ಕುಮಟಾ ಕಡೆಯವರು ಇದೊಂದನ್ನ ನೆನಪಿಟ್ಕೊಳ್ಳಿ.

ಸರ್ಕಾರಗಳೂ ಈಗ ಇದಕ್ಕೆ ಕೈ ಹಾಕಿವೆ, ಯುರೋಪಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನಿಗೆಲ್ಲ ಟೈಪ್-ಸಿ ಕಡ್ಡಾಯ, ನಮ್ಮ ದೇಶದ ಗುಣಮಟ್ಟ ನೋಡೋ ಸಂಸ್ಥೆ ಬಿಐಎಸ್ ಕೂಡ 2023ರ ಜನವರಿಯಲ್ಲಿ ಟೈಪ್-ಸಿಗೆ ಸ್ಟ್ಯಾಂಡರ್ಡ್ ಪ್ರಕಟ ಮಾಡಿದೆ. ಪೋರ್ಟ್ ಒಂದೇ ಆಗ್ಲಿ, ಖುಷಿನೇ, ಹತ್ತು ಚಾರ್ಜರ್ ಇಟ್ಕೊಳ್ಳೋ ಕಷ್ಟ ತಪ್ತದೆ. ಅದರ ಜೊತೆ ಕೇಬಲ್ ಮೈಮೇಲೆ ವಾಟ್ ಎಷ್ಟು, ಸ್ಪೀಡ್ ಎಷ್ಟು ಅಂತ ಅಳಿಸದ ಹಾಗೆ ಬರೆಯೋದನ್ನೂ ಕಡ್ಡಾಯ ಮಾಡ್ಬೇಕು ಅಂತ ನನ್ನ ಒತ್ತಾಯ. ಫೋನ್ ಕಂಪನಿಗಳ ಸ್ವಂತ ಫಾಸ್ಟ್ ಚಾರ್ಜಿಂಗ್ ಬೇರೆ ಇದೆಯಲ್ಲ, ಒಂದು ಕಂಪನಿಯ 80 ವಾಟ್ ಚಾರ್ಜರ್ ಇನ್ನೊಂದು ಕಂಪನಿ ಫೋನಿಗೆ ಹಾಕಿದ್ರೆ ಆಮೆ ವೇಗ, ಅದನ್ನೂ ಡಬ್ಬದ ಮೇಲೆ ಬರೀಲಿ.

ಅಂಗಡಿಯಲ್ಲಿ ಕೊರತೆ ಇಲ್ಲ ಅಂತಲ್ಲ. ಯಜಮಾನರು ಒಬ್ಬರೇ, ಪ್ರತಿಯೊಬ್ಬರಿಗೂ ಕೂತು ವಿವರಿಸ್ತಾರೆ, ಹಾಗಾಗಿ ಸಾಯಂಕಾಲ ಹೋದ್ರೆ ಕಾಯ್ಲೇಬೇಕು, ಕೂತ್ಕೊಳ್ಳೋಕೆ ಒಂದೇ ಸ್ಟೂಲು. ಲ್ಯಾಪ್‌ಟಾಪ್ ಮದರ್‌ಬೋರ್ಡ್ ಕೆಲಸ ಇಲ್ಲಿ ಆಗೋದಿಲ್ಲ, ಹುಬ್ಬಳ್ಳಿಗೆ ಕಳಿಸ್ತಾರೆ, ಅದಕ್ಕೆ ವಾರದ ಮೇಲೆ ಹಿಡೀತದೆ. 40 ಜಿಬಿಪಿಎಸ್ ಕೇಬಲ್ ಸ್ಟಾಕ್ ಇರೋದಿಲ್ಲ, ಹೇಳಿದ್ರೆ ತರಿಸಿಕೊಡ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿರ್ತದೆ, ಬೆಳಿಗ್ಗೆ ಹತ್ತೂವರೆ ಮೇಲೆ ಹೋಗೋದು ಒಳ್ಳೇದು. ಹೋಗುವಾಗ ಕೇಬಲ್ ಒಂದನ್ನೇ ಹಿಡ್ಕೊಂಡು ಹೋಗ್ಬೇಡಿ, ಚಾರ್ಜರೂ ಫೋನೂ ಮೂರೂ ತಗೊಂಡು ಹೋಗಿ, ಮೂರನ್ನೂ ಸೇರಿಸಿ ನೋಡಿದ್ರೇ ಎಲ್ಲಿ ಸಿಕ್ಕಿ ಹಾಕ್ಕೊಂಡಿದೆ ಅಂತ ಗೊತ್ತಾಗೋದು. ಬಿಲ್ ಕೇಳಿದ್ರೆ ಕೊಡ್ತಾರೆ, ಆರು ತಿಂಗಳ ಗ್ಯಾರಂಟಿಯನ್ನ ಅದರ ಮೇಲೇ ಬರೀತಾರೆ.