ಕಾಯಿ ಬಿಟ್ಟ ದೊಡ್ಡ ಗಿಡವೋ, ಗೇಣುದ್ದದ ಕಸಿ ಗಿಡವೋ?

ಗೋಡಂಬಿ ಗಿಡ ತರುವುದಾದರೆ ಕಣ್ಣು ಮುಚ್ಚಿಕೊಂಡು ಚಿಕ್ಕ ಕಸಿ ಗಿಡ ತನ್ನಿ. ಹೆಸರಘಟ್ಟ ರಸ್ತೆಯ ನಮ್ಮ ಸೈಟಿನಲ್ಲಿ ಎರಡನ್ನೂ ನೆಟ್ಟು ನೋಡಿದ್ದೇನೆ. ಚಿಕ್ಕದಕ್ಕೆ ಕೊಟ್ಟಿದ್ದು 120 ರೂಪಾಯಿ, ದೊಡ್ಡದಕ್ಕೆ 1,800. ದೊಡ್ಡದು ಚೀಲದಲ್ಲಿದ್ದಾಗಲೇ ಹನ್ನೊಂದು ಕಾಯಿ ಬಿಟ್ಟಿತ್ತು. ಅದನ್ನು ನೋಡಿಯೇ ನಾನು ಮರುಳಾದದ್ದು.

ತೊಂದರೆ ಶುರುವಾಗಿದ್ದು ಎಲೆಯಿಂದ. ಗಿಡ ನರ್ಸರಿಯ ಹಸಿರು ಬಲೆಯ ಕೆಳಗೆ ಬೆಳೆದದ್ದು. ನೆರಳಲ್ಲಿ ಬಂದ ಎಲೆ ಅಗಲ ಇರುತ್ತದೆ, ಆದರೆ ತೆಳು. ಏಪ್ರಿಲ್ ಬಿಸಿಲಿಗೆ ನೆಟ್ಟೆ. ವಾರದೊಳಗೆ ಕಂದು ಮಚ್ಚೆ ಬಿದ್ದು, ಮುಟ್ಟಿದರೆ ಹಪ್ಪಳದ ಹಾಗೆ ಪಟಪಟ ಮುರಿಯತೊಡಗಿದವು. ದುಡಿಯುವ ಎಲೆ ಅರ್ಧ ಸತ್ತಿತ್ತು, ಉಣ್ಣುವ ಬಾಯಿ ಮಾತ್ರ ಹನ್ನೊಂದು. ಗೋಡಂಬಿ ಬೀಜದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಒಂದು ಗ್ರಾಂ ಪಿಷ್ಟ ಕಟ್ಟುವುದಕ್ಕಿಂತ ಒಂದು ಗ್ರಾಂ ಎಣ್ಣೆ ಕಟ್ಟಲು ಗಿಡಕ್ಕೆ ಎರಡು ಪಟ್ಟಿಗೂ ಜಾಸ್ತಿ ಸಕ್ಕರೆ ಬೇಕು. ಜೊತೆಗೆ ಹಣ್ಣೂ ಉಬ್ಬಬೇಕಲ್ವಾ?

'ಕಾಯಿ ಕಿತ್ತುಬಿಡಿ ಸಾರ್' ಅಂತ ಪಕ್ಕದ ತೋಟದವರು ಹೇಳಿದರು. 1,800 ಕೊಟ್ಟವನಿಗೆ ಕೈ ಬರಲಿಲ್ಲ. ಏಳು ಉದುರಿದವು, ನಾಲ್ಕು ಬಲಿತವು. ಆಮೇಲೆ ಇಡೀ ಮಳೆಗಾಲ ಒಂದೇ ಒಂದು ಚಿಗುರು ಬರಲಿಲ್ಲ. ದೀಪಾವಳಿ ಹೊತ್ತಿಗೆ ಕಿತ್ತು ನೋಡಿದರೆ ಬೇರು ಇನ್ನೂ ಚೀಲದ ಆಕಾರದಲ್ಲೇ ಸುತ್ತಿಕೊಂಡಿತ್ತು. ಇದ್ದಬದ್ದ ಸಕ್ಕರೆಯನ್ನೆಲ್ಲ ಕಾಯಿ ಎಳೆದುಕೊಂಡಿತ್ತು. ಕ್ಯಾಲಿಫೋರ್ನಿಯಾದ ಪಿಸ್ತಾ ಮರಗಳೂ ಹೀಗೇ: ಒಂದು ವರ್ಷ ಜಾಸ್ತಿ ಹೊತ್ತ ರೆಂಬೆ ಮುಂದಿನ ವರ್ಷದ ಹೂಮೊಗ್ಗನ್ನು ಬೇಸಿಗೆಯಲ್ಲೇ ಉದುರಿಸಿಬಿಡುತ್ತದೆ.

ಚಿಕ್ಕದನ್ನು ಜೂನ್ ಮಳೆಗೆ ನೆಟ್ಟೆ. ಕಸಿ ಕಟ್ಟಿನ ಕೆಳಗೆ ಬರುವ ಚಿಗುರು ಮುರಿಯುತ್ತಿರಬೇಕು, ಅಷ್ಟೇ. ಮೊದಲೆರಡು ವರ್ಷ ಹೂಗೊಂಚಲನ್ನೂ ಚಿವುಟಿದೆ. 'ಹೂವು ಕೀಳೋಕೆ ಗಿಡ ಬೇಕಿತ್ತಾ?' ಅಂತ ಮನೆಯಲ್ಲಿ ಬೈಸಿಕೊಂಡೆ. ಮೂರನೇ ವರ್ಷ ಚಿವುಟದೆ ಬಿಟ್ಟೆ. ಅಷ್ಟರಲ್ಲಿ ಪಶ್ಚಿಮದ ಪಕ್ಕದ ಸೈಟಿನಲ್ಲಿ ಮೂರು ಮಹಡಿ ಎದ್ದಿತ್ತು, ಬೆಂಗಳೂರಲ್ವಾ! ಗೋಡಂಬಿ ಹೂ ಬಿಡುವುದು ಬಿಸಿಲು ಬೀಳುವ ರೆಂಬೆಯ ತುದಿಯಲ್ಲಿ. ಗೋಡೆ ಕಡೆ ಒಂದೇ ಗೊಂಚಲು ಬಂತು, ಈ ಕಡೆ ಎಣಿಸುವುದನ್ನೇ ಬಿಟ್ಟೆ.

ನಾನು ಸೈಟಿಗೆ ಹೋಗುವುದು ಭಾನುವಾರ ಮಾತ್ರ, ಎರಡು ಕ್ಯಾನ್ ನೀರು ಹಿಡಿದುಕೊಂಡು. ದಿನಾ ನೀರು ಕೊಟ್ಟು, ಮೊದಲ ದಿನವೇ ಕಾಯಿ ಕೀಳುವ ಗುಂಡಿಗೆ ಇರುವವರಿಗೆ ದೊಡ್ಡದು ಉಳಿದೀತು. ಆದರೆ ಆ ದುಡ್ಡಿಗೆ ಹದಿನೈದು ಚಿಕ್ಕವು ಬರುತ್ತವೆ. ಸತ್ತ ಗಿಡದ ಗುಂಡಿ ಪೂರ್ವದ ಕಡೆ ಖಾಲಿ ಇತ್ತು. ಈ ಜೂನ್‌ನಲ್ಲಿ ಅಲ್ಲಿಗೂ 120ರದ್ದೇ ಒಂದು ಇಟ್ಟೆ.