ಸ್ವಂತ ಬ್ಲಾಗೋ, ಫೇಸ್‌ಬುಕ್ ಗೋಡೆಯೋ?

ಊರ ಕೆರೆ ಒತ್ತುವರಿ ಬಗ್ಗೆ ಬರೆಯಬೇಕು, ಪತ್ರಿಕೆಯವರು ಹಾಕುತ್ತಿಲ್ಲ. ಎಲ್ಲಿ ಬರೆಯೋದು ಅಂತ ಯೋಚಿಸುತ್ತಿದ್ದೀರಾ?

ಬೇಗ ತಲುಪಬೇಕು ಅಂದರೆ ಫೇಸ್‌ಬುಕ್ಕೇ ಸರಿ. ಊರವರು ಹೇಗೂ ಅಲ್ಲೇ ಇರುತ್ತಾರೆ. ಆದರೆ ಯಾರಿಗೆ ಕಾಣಿಸಬೇಕು ಅನ್ನೋದು ನಿಮ್ಮ ಕೈಯಲ್ಲಿಲ್ಲ. ಹಳೆಯದು ಸಿಗೋದೂ ಕಷ್ಟ. ನಮ್ಮ ಬೀದಿಯ ಗುಂಡಿಗಳ ಬಗ್ಗೆ ಫೇಸ್‌ಬುಕ್ಕಿನಲ್ಲಿ ಫೋಟೊ ಸಮೇತ ಬರೆದಿದ್ದೆ. ಆರು ತಿಂಗಳಾದ ಮೇಲೆ ವಾರ್ಡ್ ಸಭೆಯಲ್ಲಿ ತೋರಿಸೋಣ ಅಂತ ಮೊಬೈಲ್ ತೆಗೆದೆ. ಬೆರಳು ನೋಯುವಷ್ಟು ಸರಿಸಿದರೂ ಸಿಗಲಿಲ್ಲ. ಸಭೆ ಮುಗಿದೇ ಹೋಯಿತು.

ಬ್ಲಾಗಿನಲ್ಲಿ ಹಾಗಲ್ಲ. ಪ್ರತಿ ಬರಹಕ್ಕೂ ಅದರದೇ ವಿಳಾಸ, ತಾರೀಖು. ಬ್ಲಾಗರ್ ಅನ್ನೋ ಬ್ಲಾಗ್ ತಾಣ ಪುಕ್ಕಟೆ, ಆದರೆ ಜಾಗ ಗೂಗಲ್‌ನದು. 2019ರಲ್ಲಿ ಅದೇ ಕಂಪನಿ ಗೂಗಲ್ ಪ್ಲಸ್ ಅನ್ನೋ ತನ್ನ ಸಾಮಾಜಿಕ ಜಾಲತಾಣವನ್ನು ಮುಚ್ಚಿತು, ನೆನಪಿದೆ ಅಲ್ವಾ? ಸ್ವಂತ ಡೊಮೇನ್ (ಜಾಲತಾಣದ ವಿಳಾಸ) ಕೊಂಡು ವರ್ಡ್‌ಪ್ರೆಸ್ (ಬ್ಲಾಗ್ ನಡೆಸುವ ತಂತ್ರಾಂಶ) ಹಾಕಿಕೊಂಡರೆ ವರ್ಷ ವರ್ಷ ದುಡ್ಡು ಕಟ್ಟಬೇಕು. ಆದರೆ ಹೋಸ್ಟಿಂಗ್, ಅಂದರೆ ಬರಹ ಇಡಲು ಬಾಡಿಗೆಗೆ ಪಡೆದ ಜಾಗ, ಸರಿಯಿಲ್ಲದಿದ್ದರೆ ಬರಹಗಳನ್ನೆಲ್ಲ ಗಂಟು ಕಟ್ಟಿ ಬೇರೆ ಕಡೆ ಒಯ್ಯಬಹುದು, ವಿಳಾಸ ಬದಲಾಗಲ್ಲ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತಿಲ್ಲದೆ, ಓದುಗರ ದುಡ್ಡಿನಲ್ಲೇ ನಡೆಯಿತು. ಆ ಧೈರ್ಯಕ್ಕೆ ಹತ್ತಿರವಾದದ್ದು ನನ್ನ ಪ್ರಕಾರ ಇದೇ. ಬರಹ ಇಲ್ಲಿರಲಿ, ಲಿಂಕ್ ಮಾತ್ರ ಫೇಸ್‌ಬುಕ್ಕಿಗೆ, ವಾಟ್ಸಾಪಿಗೆ ಹೋಗಲಿ.

ಕಾನೂನು ಎರಡೂ ಕಡೆ ಒಂದೇ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಅನ್ನಿಸಿದ್ದನ್ನು ಬರೆದರೆ ಜೈಲಿಗೆ ಹಾಕಬಹುದಾಗಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು ನಿಜ, ಮಾನನಷ್ಟದ ಕೇಸು ಮಾತ್ರ ಈಗಲೂ ಬೀಳಬಹುದು. ಪತ್ರಿಕೆಯಲ್ಲಾದರೆ ಬೆನ್ನಿಗೆ ಸಂಪಾದಕರಿರುತ್ತಾರೆ. ಇಲ್ಲಿ ನೀವೊಬ್ಬರೇ. ಹಾಗಾಗಿ ಸರ್ವೆ ನಕ್ಷೆ, ಆರ್‌ಟಿಐ ಉತ್ತರ ಕೈಗೆ ಬಂದ ಮೇಲೆಯೇ ಒತ್ತುವರಿ ಮಾಡಿದವರ ಹೆಸರು ಬರೆಯಿರಿ.