ಹಿಮಾಲಯನ್ 411ರ ಮುಂದಿನ ಫೋರ್ಕ್ ಇಳಿಸಿದ ಮೇಲೆ: ವರ್ಷದಾಚೆಗಿನ ಅನುಭವ

ಕುಳ್ಳಗಿರುವವರು ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ ಬೈಕು ಕೊಂಡರೆ ಸಿಗುವ ಮೊದಲ ಬಿಟ್ಟಿ ಸಲಹೆ ಇದು: ‘ಮುಂದಿನ ಫೋರ್ಕ್ ಸ್ವಲ್ಪ ಇಳಿಸಿಬಿಡಿ, ಕಾಲು ನೆಲಕ್ಕೆ ಸಿಗುತ್ತದೆ.’ ಫೋರ್ಕ್ ಎಂದರೆ ಮುಂಚಕ್ರವನ್ನು ಎರಡೂ ಕಡೆ ಹಿಡಿದಿರುವ ಸ್ಪ್ರಿಂಗಿನ ಪೈಪುಗಳು. ನನ್ನ ಎತ್ತರ ಐದಡಿ ಮೂರಿಂಚು, ಬೈಕಿನ ಸೀಟು ನೆಲದಿಂದ 800 ಮಿ.ಮೀ. ಪುಣೆಯಲ್ಲಿ ಕೋಥ್ರೂಡ್‌ನಿಂದ ಹಿಂಜವಡಿಗೆ ದಿನಾ ಹೋಗಿ ಬರುವವಳಿಗೆ ಪ್ರತಿ ಸಿಗ್ನಲ್ಲಿನಲ್ಲೂ ತುದಿಗಾಲಲ್ಲಿ ನಿಲ್ಲುವುದೆಂದರೆ ಕಷ್ಟವೇ. ನಾನೂ ಇಳಿಸಿದೆ. ಅಂದುಕೊಂಡ ಲಾಭ ಸಿಗಲಿಲ್ಲ. ಅಂದುಕೊಳ್ಳದೇ ಇದ್ದ ಒಂದು ಸುಖ ಸಿಕ್ಕಿತು. ಇಳಿಸುವ ಯೋಚನೆಯಲ್ಲಿ ಇರುವವರು ಗ್ಯಾರೇಜಿಗೆ ಹೋಗುವ ಮುಂಚೆ ಇದನ್ನೊಮ್ಮೆ ಓದಲಿ ಎಂದು ಬರೆಯುತ್ತಿದ್ದೇನೆ.

ಬೈಕಿನ ಮೈಲೇಜು, ಪವರ್ರು ಎಲ್ಲರಿಗೂ ಗೊತ್ತಿರುವಂಥದ್ದು, ಅದನ್ನು ಬಿಡೋಣ. ಫೋರ್ಕ್ ಇಳಿಸುವುದು ಎಂದರೆ ಏನೂ ಕತ್ತರಿಸುವುದಿಲ್ಲ, ಹೊಸ ಸ್ಪ್ರಿಂಗನ್ನೂ ಹಾಕುವುದಿಲ್ಲ. ಹ್ಯಾಂಡಲ್ ಕೆಳಗೆ ಎರಡು ಫೋರ್ಕ್ ಪೈಪುಗಳನ್ನು ಬಿಗಿಯಾಗಿ ಹಿಡಿದಿರುವ ಮೇಲಿನ ಕ್ಲ್ಯಾಂಪು, ಕೆಳಗಿನ ಕ್ಲ್ಯಾಂಪು ಇರುತ್ತವಲ್ಲ, ಅವುಗಳ ಬೋಲ್ಟ್ ಸಡಿಲಿಸಿ ಪೈಪುಗಳನ್ನು ಮೇಲಕ್ಕೆ ಸರಿಸಿ ಮತ್ತೆ ಬಿಗಿಯುವುದು, ಅಷ್ಟೇ. ಪೈಪಿನ ತುದಿ ಕ್ಲ್ಯಾಂಪಿನ ಮೇಲೆ ಎಷ್ಟು ಹೊರಬಂತೋ ಬೈಕಿನ ಮೂತಿ ಹೆಚ್ಚುಕಡಿಮೆ ಅಷ್ಟು ಕೆಳಗೆ ಬಂತು. ಒಳಗಿನ 200 ಮಿ.ಮೀ. ಟ್ರಾವೆಲ್, ಅಂದರೆ ಫೋರ್ಕ್ ಕುಗ್ಗಿ ಹಿಗ್ಗುವ ಅಳತೆ, ಹಾಗೆಯೇ ಇರುತ್ತದೆ. ಹಾಗೇ ಇರುವುದರಿಂದಲೇ ಒಂದು ಅಪಾಯವೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಕಾಲಿನ ಲೆಕ್ಕ ಮೊದಲು ನೋಡಿ. ಈ ಬೈಕಿನ ಎರಡು ಚಕ್ರಗಳ ನಡುವಿನ ಅಂತರ 1465 ಮಿ.ಮೀ. ನಾವು ಕೂರುವ ಜಾಗ ಅದರ ನಡುಮಧ್ಯಕ್ಕಿಂತ ಹಿಂದೆ ಇದೆ. ಮುಂದೆ 25 ಮಿ.ಮೀ. ಇಳಿಸಿದರೆ ಬೈಕು ಹಿಂಚಕ್ರದ ಆಸರೆಯಲ್ಲಿ ಮುಂದಕ್ಕೆ ಬಾಗುತ್ತದೆ, ಸೀಟು ಇಳಿಯುವುದು ಹತ್ತು ಮಿಲಿಮೀಟರಿನ ಆಸುಪಾಸು ಮಾತ್ರ. ಶೂ ಬದಲಿಸಿದರೂ ಅಷ್ಟು ಎತ್ತರ ಸಿಗುತ್ತದೆ! ಸ್ಟೀರಿಂಗಿನ ಓರೆ (ಹ್ಯಾಂಡಲ್ ತಿರುಗುವ ಅಕ್ಷ ಹಿಂದಕ್ಕೆ ಬಾಗಿರುವ ಕೋನ) ಮಾತ್ರ ಸುಮಾರು ಒಂದು ಡಿಗ್ರಿ ನೆಟ್ಟಗಾಗಿಬಿಡುತ್ತದೆ. ಕಾಲಿಗೆ ಸಿಕ್ಕಿದ್ದು ಚಿಟಿಕೆಯಷ್ಟು, ಹ್ಯಾಂಡಲಿಗೆ ಆದ ಬದಲಾವಣೆ ಬೊಗಸೆಯಷ್ಟು.

ನಾನು ಮೊದಲು ಬೈಕು ಕೊಟ್ಟ ಗ್ಯಾರೇಜು ದೊಡ್ಡದು, ಏಸಿ ವೇಟಿಂಗ್ ರೂಮು, ಗೋಡೆ ತುಂಬ ಲಡಾಖಿನ ಫೋಟೋಗಳು. ಸಂಜೆ ಬಂದು ತಗೊಂಡು ಹೋಗಿ ಎಂದರು. ಎಷ್ಟು ಇಳಿಸಿದಿರಿ ಎಂದು ಕೇಳಿದರೆ ‘ಒಂದು ಇಂಚು, ಎಲ್ಲರಿಗೂ ಅಷ್ಟೇ ಮಾಡುವುದು’ ಎಂಬ ಉತ್ತರ. ಸವಾರಿ ಮಾಡುವವರ ತೂಕ ಕೇಳಲಿಲ್ಲ, ಹಿಂದೆ ಯಾರು ಕೂರುತ್ತಾರೆ ಕೇಳಲಿಲ್ಲ, ಹೈವೇಗೆ ಹೋಗುತ್ತೀರಾ ಎಂದೂ ಕೇಳಲಿಲ್ಲ. ಇದು ಈಗಲೂ ನನಗೆ ಸಿಟ್ಟು ತರಿಸುವ ವಿಷಯ. ದುಡ್ಡು ಹೋದದ್ದಕ್ಕಲ್ಲ, ಜೀವದ ಪ್ರಶ್ನೆ ಇರುವ ಕೆಲಸವನ್ನು ಅಳತೆಯಿಲ್ಲದೆ ಮಾಡಿದ್ದಕ್ಕೆ.

ಊರೊಳಗೆ ಆ ಒಂದು ಇಂಚು ಚೆನ್ನಾಗಿಯೇ ಅನಿಸಿತು. ಚಾಂದಣಿ ಚೌಕದ ತಿರುವುಗಳಲ್ಲಿ ಹ್ಯಾಂಡಲ್ ಬೆಣ್ಣೆ. ತವರಿಗೆ ಹೋಗಲು ಸೋಲಾಪುರ ರಸ್ತೆ ಹಿಡಿದ ದಿನ ನಿಜಬಣ್ಣ ಬಯಲಾಯಿತು. ಇಂದಾಪುರ ದಾಟಿದ ಮೇಲೆ ಬಯಲು ಸೀಮೆ, ಅಡ್ಡಗಾಳಿ. ತೊಂಬತ್ತರ ಮೇಲೆ ಹೋದರೆ ಹ್ಯಾಂಡಲ್ ಕೈಯಲ್ಲಿ ಸಣ್ಣಗೆ ನಡುಗುತ್ತಿತ್ತು. ಲಾರಿ ಹಿಂದಿಕ್ಕುವಾಗ ಗಾಳಿಯ ಹೊಡೆತಕ್ಕೆ ಮುಂಚಕ್ರ ಒಂದು ಗೇಣು ಅತ್ತ, ಒಂದು ಗೇಣು ಇತ್ತ, ಮೂಗುದಾರ ಬಿಚ್ಚಿದ ಹೋರಿಯ ಹಾಗೆ. ಮೊಹೋಳ ತಲುಪುವಷ್ಟರಲ್ಲಿ ಎರಡೂ ಭುಜ ಬಿಗಿದುಹೋಗಿದ್ದವು.

ಕಾರಣ ಇಷ್ಟು. ಹ್ಯಾಂಡಲ್ ತಿರುಗುವ ಅಕ್ಷವನ್ನು ಹಾಗೇ ಕೆಳಕ್ಕೆ ಎಳೆದರೆ ಅದು ನೆಲ ಮುಟ್ಟುವುದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ. ಆ ನಡುವಿನ ಅಂತರವೇ ಟ್ರೇಲ್. ಚಕ್ರ ತಾನಾಗಿ ನೆಟ್ಟಗಾಗಲು ಹವಣಿಸುವುದು ಈ ಟ್ರೇಲಿನ ಬಲದಿಂದ. ಮೂತಿ ಇಳಿಸಿದಂತೆಲ್ಲ ಟ್ರೇಲ್ ಕಡಿಮೆಯಾಗುತ್ತದೆ, ಬೈಕು ಬೇಗ ಬಾಗುತ್ತದೆ, ಆದರೆ ನೇರ ಓಟದ ಹಟ ಬಿಟ್ಟುಕೊಡುತ್ತದೆ. ಮುಂದಿನ ಟೈರಿನ ಮೇಲೆ ಭಾರವೂ ತುಸು ಹೆಚ್ಚುತ್ತದೆ.

ಮೊದಲು ಹೇಳಿದ ಅಪಾಯ ಈಗ. ಫೋರ್ಕಿನ ಟ್ರಾವೆಲ್ ಕಡಿಮೆಯಾಗಿಲ್ಲ, ಆದರೆ ಚಕ್ರಕ್ಕೂ ಮೇಲಿನ ಭಾಗಕ್ಕೂ ನಡುವಿನ ಜಾಗ 25 ಮಿ.ಮೀ. ಕಡಿಮೆಯಾಗಿದೆ. ಸೊಸೈಟಿ ಗೇಟಿನ ಹೊರಗಿನ ಎತ್ತರದ ಹಂಪಿನ ಮೇಲೆ ಬ್ರೇಕ್ ಹಿಡಿದುಕೊಂಡೇ ಇಳಿದಾಗ ‘ಟಕ್’ ಎಂದು ಕೆಳಗಿನಿಂದ ಸದ್ದು. ಬಗ್ಗಿ ನೋಡಿದರೆ ಪ್ಲಾಸ್ಟಿಕ್ಕಿನ ಮೇಲೆ ಹೊಸದಾಗಿ ಉಜ್ಜಿದ ಗುರುತು. ಘಾಟಿನಲ್ಲಿ, ಬಾಗಿರುವಾಗ ಇದೇ ಆಗಿದ್ದರೆ ಎಂದು ಯೋಚಿಸಿ ಮಾರನೇ ದಿನ ಆಫೀಸಿಗೆ ಬಸ್ಸಿನಲ್ಲೇ ಹೋದೆ.

ಕಾತ್ರಜ್ ಕಡೆ ಒಂದು ತಗಡಿನ ಶೆಡ್ಡಿನಲ್ಲಿ ನಮ್ಮ ವಿಜಯಪುರದವರೇ ಒಬ್ಬ ಮಿಸ್ತ್ರಿ ಇದ್ದಾರೆ ಎಂದು ತಿಳಿದು ಅಲ್ಲಿಗೆ ಹೋದೆ. ಬೈಕನ್ನು ಒಮ್ಮೆ ಪಕ್ಕದಿಂದ ನೋಡಿದರು, ಹ್ಯಾಂಡಲ್ ಮೇಲೆ ಬೆರಳಾಡಿಸಿದರು. ‘ಅಕ್ಕಾರ, ಕಾಲು ನೆಲಾ ಮುಟ್ಬೇಕಂದ್ರ ಸೀಟು ತೆಳ್ಳಗ ಮಾಡಸ್ರಿ. ಫೋರ್ಕ್ ಇಳ್ಸೂದು ಹ್ಯಾಂಡಲ್ ಸಲುವಾಗಿ, ಕಾಲಿನ ಸಲುವಾಗಿ ಅಲ್ರಿ’ ಅಂದರು. ನನಗೆ ಮೊದಲೇ ಯಾರಾದರೂ ಹೇಳಬೇಕಿದ್ದ ಮಾತು ಇದು.

ಅವರು ಕೆಲಸ ಮಾಡಿದ ರೀತಿಯನ್ನು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ನೋಡಿದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಕೆಳಗೆ ಮರದ ತುಂಡಿಟ್ಟು ಜ್ಯಾಕ್ ಕೊಟ್ಟರು. ವರ್ನಿಯರ್ ಅಳತೆಗೋಲು ತೆಗೆದು ಕ್ಲ್ಯಾಂಪಿನ ಮೇಲಿನ ಅಂಚಿನಿಂದ ಪೈಪಿನ ಅಂಚಿಗೆ ಅಳೆದರು, ಕ್ಯಾಪಿನ ತುದಿಗಲ್ಲ. ಎಡಗಡೆಗೂ ಬಲಗಡೆಗೂ ಎರಡು ಮಿಲಿಮೀಟರ್ ವ್ಯತ್ಯಾಸ! ಮುಂಚಕ್ರದ ಆಕ್ಸಲ್ ಅಷ್ಟು ದಿನ ಸೊಟ್ಟಗೆ ಕೂತಿತ್ತು, ಫೋರ್ಕ್ ಸಲೀಸಾಗಿ ಆಡದೆ ಹಿಡಿದುಕೊಳ್ಳುತ್ತಿದ್ದುದು ಅದಕ್ಕೇ. ಎರಡೂ ಕಡೆ 10 ಮಿ.ಮೀ.ಗೆ ತಂದು, ಆಕ್ಸಲ್ ಸಡಿಲಿಟ್ಟು, ಜ್ಯಾಕ್ ತೆಗೆದು ಬೈಕನ್ನು ನಾಲ್ಕೈದು ಸಲ ಗಟ್ಟಿಯಾಗಿ ಕುಪ್ಪಳಿಸಿದರು, ಫೋರ್ಕಿನ ಎರಡು ಪೈಪೂ ತಮ್ಮ ಜಾಗ ತಾವೇ ಹುಡುಕಿಕೊಳ್ಳಲಿ ಎಂದು. ಬೋಲ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದಲೇ ಬಿಗಿದರು. ಕೆಳಗಿನ ಕ್ಲ್ಯಾಂಪನ್ನು ಅತಿಯಾಗಿ ಬಿಗಿದರೆ ಪೈಪಿಗೇ ಪೆಟ್ಟು ಎಂದರು. ಕೊನೆಗೆ ಬಿಳಿ ಪೇಂಟ್ ಮಾರ್ಕರಿನಿಂದ ಪೈಪು ಮತ್ತು ಕ್ಲ್ಯಾಂಪು ಸೇರುವಲ್ಲಿ ಒಂದು ಗೆರೆ ಎಳೆದರು. ಕೂಲಿ ಐನೂರು ರೂಪಾಯಿ.

ಸೀಟು ಕವರ್ ಹೊಲಿಯುವವರ ಹತ್ತಿರ ಫೋಮನ್ನು ಎರಡು ಸೆಂಟಿಮೀಟರ್ ಕೊರೆಸಿ, ಅಂಚುಗಳನ್ನು ತೊಡೆಯ ಕಡೆ ಕಿರಿದು ಮಾಡಿಸಿದೆ. ಕಾಲು ನೆಲಕ್ಕೆ ಸಿಕ್ಕಿದ್ದು ಇಲ್ಲಿ. ಈಗ ಎರಡೂ ಪಾದದ ಮುಂಭಾಗ ನೆಮ್ಮದಿಯಾಗಿ ಊರುತ್ತದೆ.

ಫೋರ್ಕಿನ ಆ ಹತ್ತು ಮಿಲಿಮೀಟರ್ ಕೊಟ್ಟ ಸುಖ ಬೇರೆ ರೀತಿಯದು. ಓರೆ ಬದಲಾದದ್ದು ಅರ್ಧ ಡಿಗ್ರಿಗೂ ಕಡಿಮೆ. ಆದರೆ 21 ಇಂಚಿನ ಮುಂಚಕ್ರದ ಬೈಕು ತಿರುವಿಗೆ ಬೀಳುವಾಗ ಮೊದಲು ಒಂದು ಕ್ಷಣ ಹಿಂದೇಟು ಹಾಕುತ್ತಿತ್ತಲ್ಲ, ಅದು ಹೋಗಿದೆ. ಭಾನುವಾರ ಬೆಳಕು ಹರಿಯುವ ಮುಂಚೆ ಖಡಕವಾಸಲಾ ದಂಡೆ ಹಿಡಿದು ಸಿಂಹಗಡ ಹತ್ತುವುದು ನನ್ನ ರೂಢಿ. ಕಿರಿದಾದ ಘಾಟಿ, ಒಂದರ ಮೇಲೊಂದು ಕಡಿದಾದ ತಿರುವು. ಮೊದಲೆಲ್ಲ ಎಡಗೈಯಿಂದ ಹ್ಯಾಂಡಲನ್ನು ನೂಕಿ ಬಾಗಿಸಬೇಕಿತ್ತು, ಈಗ ತಿರುವಿನ ಕೊನೆಯತ್ತ ಕಣ್ಣು ಹಾಯಿಸಿದರೆ ಸಾಕು, ಬೈಕು ಅಲ್ಲಿಗೆ ಹೊರಟಿರುತ್ತದೆ. ಮಳೆಗಾಲದಲ್ಲಿ ತಾಮ್ಹಿಣಿ ಘಾಟಿನ ಒದ್ದೆ ರಸ್ತೆಯಲ್ಲೂ ಮುಂದಿನ ಟೈರು ಏನು ಮಾಡುತ್ತಿದೆ ಎಂಬುದು ಅಂಗೈಗೆ ಸ್ಪಷ್ಟವಾಗಿ ತಿಳಿಯುತ್ತದೆ, ಆ ಧೈರ್ಯಕ್ಕೆ ನಾನು ಬೆಲೆ ಕಟ್ಟಲಾರೆ. ಗಡದ ಮೇಲೆ ಪಿಠ್ಲ–ಭಾಕ್ರಿ, ಮಡಿಕೆ ಮೊಸರು ಮುಗಿಸಿ ಇಳಿಯುವಾಗ ಬ್ರೇಕಿಗೂ ಮುಂಭಾಗ ಗಾಬರಿಯಾಗುವುದಿಲ್ಲ.

ಸೋಲಾಪುರ ರಸ್ತೆಯಲ್ಲಿ ಆಮೇಲೂ ಹೋಗಿ ಬಂದಿದ್ದೇನೆ. ತೊಂಬತ್ತು–ತೊಂಬತ್ತೈದರಲ್ಲಿ ಮೊದಲಿನಷ್ಟೇ ನೆಟ್ಟಗೆ ಓಡುತ್ತದೆ. ಹಂಪಿನ ‘ಟಕ್’ ಮತ್ತೆ ಕೇಳಿಲ್ಲ.

ಹೊಂದಿಕೊಳ್ಳಬೇಕಾದ ಸಂಗತಿಗಳೂ ಇವೆ. ಹೆಡ್‌ಲೈಟ್ ಹತ್ತಿರಕ್ಕೆ ಬೀಳುತ್ತದೆ, ಸ್ಕ್ರೂ ತಿರುಗಿಸಿ ಸರಿಮಾಡಿಕೊಳ್ಳಬೇಕು. ಸೈಡ್ ಸ್ಟ್ಯಾಂಡ್ ಹಾಕಿದರೆ ಬೈಕು ಮೊದಲಿಗಿಂತ ನೆಟ್ಟಗೆ ನಿಲ್ಲುತ್ತದೆ, ಬಲಕ್ಕೆ ಇಳಿಜಾರಿದ್ದರೆ ಬೀಳುವ ಭಯ. ನಮ್ಮ ಪಾರ್ಕಿಂಗಿನಲ್ಲಿ ನೀರು ಹರಿಯಲೆಂದು ನೆಲ ಬಲಕ್ಕೆ ಓರೆಯಿದೆ, ಹಾಗಾಗಿ ಮನೆಯಲ್ಲಿ ಸೆಂಟರ್ ಸ್ಟ್ಯಾಂಡೇ ಗತಿ. ನಮ್ಮನೆಯವರು ಹಿಂದೆ ಕೂತು, ಬ್ಯಾಗು ಕಟ್ಟಿದರೆ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಇಳಿಸಿದ್ದೆಲ್ಲ ಅಲ್ಲಿಗೆ ಸಮ. ಹಾಗೆ ಹೊರಡುವ ಮುಂಚೆ ಹಿಂದಿನ ಶಾಕಿನ ಪ್ರೀಲೋಡ್ (ಸ್ಪ್ರಿಂಗಿನ ಬಿಗಿ) ಹೆಚ್ಚಿಸುತ್ತೇನೆ. ಯಾವಾಗಲೂ ಇಬ್ಬರೇ ಓಡಾಡುವವರು ಫೋರ್ಕನ್ನು ಮುಟ್ಟದೆ ಶಾಕ್ ಸರಿಮಾಡಿಕೊಂಡರೂ ಸಾಕು. ಕಲ್ಲುದಾರಿಯಲ್ಲಿ ನಿಂತು ಓಡಿಸುವವರಿಗಂತೂ ಕಂಪನಿ ಇಟ್ಟ ಜಾಗವೇ ಸರಿ, ಅಲ್ಲಿ ಚಕ್ರ ತಾನೇ ನೆಟ್ಟಗಾಗುವ ಗುಣ ಬೇಕು.

ಹೊಸ ಹಿಮಾಲಯನ್ 450 ಇರುವವರು ನನ್ನ ಅಳತೆಯನ್ನು ಎತ್ತಿಕೊಳ್ಳಬೇಡಿ. ಅದರದು ತಲೆಕೆಳಗಾದ (ದಪ್ಪ ಪೈಪು ಮೇಲಿರುವ) ಫೋರ್ಕು, ಚಕ್ರಗಳ ನಡುವಿನ ಅಂತರವೂ ಹೆಚ್ಚು, ಸೀಟಿನ ಎತ್ತರವನ್ನು 825ರಿಂದ 845 ಮಿ.ಮೀ.ವರೆಗೆ ಬದಲಿಸುವ ಸೌಲಭ್ಯ ಕಂಪನಿಯೇ ಕೊಟ್ಟಿದೆ.

ಮಾಡಿಸಿದರೆ ಐದೈದು ಮಿಲಿಮೀಟರಿನಂತೆ ಇಳಿಸಿ, ಪ್ರತಿ ಸಲ ನಿಮ್ಮ ದಿನದ ರಸ್ತೆಯಲ್ಲೂ ಹೈವೇಯಲ್ಲೂ ಓಡಿಸಿ ನೋಡಿ. ಅಳೆಯದೆ ಕೈ ಹಾಕುವವರಿಗೆ ಬೈಕು ಕೊಡಬೇಡಿ. ಬಿಳಿ ಗೆರೆಯನ್ನು ಮಾತ್ರ ತಪ್ಪದೆ ಹಾಕಿಸಿಕೊಳ್ಳಿ. ಬೈಕು ತೊಳೆದಾಗಲೆಲ್ಲ ಪೈಪನ್ನು ಒಣಬಟ್ಟೆಯಿಂದ ಒರೆಸಿ ಗೆರೆ ಕೂಡುತ್ತಿದೆಯೇ ಎಂದು ನೋಡುತ್ತೇನೆ. ಕೂದಲೆಳೆಯಷ್ಟು ಸರಿದಿದ್ದರೂ ಆವತ್ತು ಬೈಕು ನೇರ ಕಾತ್ರಜ್‌ಗೆ ಹೋಗುತ್ತದೆ.